ನಿವೃತ್ತಯುದ್ಧವೂ ಗೃಹಕರುಣವೂ: ಎರಡು ಆಸ್ಟ್ರೇಲಿಯ ಕೃತಿಗಳ ವಿಮರ್ಶೆ

೧

ಯುದ್ಧವನ್ನು ವರ್ಣಿಸುವ ಕಾವ್ಯಗಳು ಎಲ್ಲ ಭಾಷೆಗಳಲ್ಲಿಯೂ ಹೇರಳವಾಗಿವೆ; ಯುದ್ಧದಿಂದ ಮನೆಗೆ ಮರಳಿದವನನ್ನು ವರ್ಣಿಸುವ ಕಾವ್ಯಗಳು ವಿರಳ. ರಣದಲ್ಲಿ ಮಡಿದವನಿಗೆ ಸ್ವರ್ಗವುಂಟು, ಅಪ್ಸರೆಯರುಂಟು, ಊರ ಮುಂದೆ ವೀರಗಲ್ಲುಂಟು. ಬದುಕಿ ಬಂದವನಿಗಾದರೋ ಹೆಂಡತಿಯುಂಟು, ಮಕ್ಕಳುಂಟು, ಮಾರನೆಯ ದಿನದ ಕೂಲಿಯುಂಟು; ಅವನ ಹೆಸರಿನಲ್ಲಿ ನೆಟ್ಟ ಕಲ್ಲು ಮಾತ್ರ ಇಲ್ಲ. ಉತ್ಸಾಹವು ವೀರರಸಕ್ಕೆ ಸ್ಥಾಯಿಯೆಂದು ಆಲಂಕಾರಿಕರು ಹೇಳಿರುವರಷ್ಟೆ. ಶತ್ರುವಿಲ್ಲದೆ, ಆಯುಧವಿಲ್ಲದೆ, ಸೇನಾಪತಿಯ ಆಜ್ಞೆಯಿಲ್ಲದೆ ಉಳಿದ ಆ ಉತ್ಸಾಹವು ಮನೆಯೊಳಗೆ ಬಂದಾಗ ಏನಾಗಿ ಪರಿಣಮಿಸುವುದು? ಅದನ್ನು ವೀರವೆಂದು ಕರೆಯಬಹುದೇ? ಅಲ್ಲವಾದರೆ ಅಲ್ಲಿನ ಅಂಗಿರಸವಾವುದು? ಇದು ಪಂಡಿತರ ಕಾಲಕ್ಷೇಪಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ. ಇಂಥ ಕೃತಿಗಳ ಅಂಗಿರಸವನ್ನು ತಪ್ಪಾಗಿ ನಿರ್ಣಯಿಸಿದ ಜನರು ಒಂದು ನಾಟಕವನ್ನು ಉತ್ಸವದ ರಂಗದಿಂದ ಹೊರಗಿಟ್ಟ ಸಂಗತಿಯು ಮುಂದೆ ವಿದಿತವಾಗುವುದು.

ಈ ವಿಚಾರಕ್ಕೆ ಆಸ್ಟ್ರೇಲಿಯದ ಎರಡು ಕೃತಿಗಳು ಉತ್ತಮವಾದ ನಿದರ್ಶನಗಳು. ಮೊದಲನೆಯದು ಆಲನ್ ಸೀಮೋರನ ‘ದಿ ವನ್ ಡೇ ಆಫ್ ದಿ ಇಯರ್’, ಎಂದರೆ ‘ವರ್ಷದ ಆ ಒಂದು ದಿನ’ ಎಂಬ ನಾಟಕ. ೧೯೬೦ರಲ್ಲಿ ಮೊದಲು ರಂಗವನ್ನೇರಿದುದು. ಎರಡನೆಯದು ಜಾರ್ಜ್ ಜಾನ್‌ಸ್ಟನ್ನನ ‘ಮೈ ಬ್ರದರ್ ಜ್ಯಾಕ್’, ಎಂದರೆ ‘ನನ್ನ ಅಣ್ಣ ಜ್ಯಾಕ್’ ಎಂಬ ಕಾದಂಬರಿ. ೧೯೬೪ರಲ್ಲಿ ಪ್ರಕಟವಾಗಿ ಆ ವರ್ಷದ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿಯನ್ನು ಪಡೆದುದು. ಎರಡರಲ್ಲಿಯೂ ಬರುವುದು ದುಡಿದುಣ್ಣುವ ಸಾಮಾನ್ಯರ ಮನೆ. ಎರಡರಲ್ಲಿಯೂ ತಂದೆಯು ಯುದ್ಧವನ್ನು ಕಂಡು ಬಂದವನು.

೨

ಕಥಾವಸ್ತುವನ್ನು ತಿಳಿಯುವುದಕ್ಕೆ ದೇಶದ ಇತಿಹಾಸವನ್ನು ಸ್ವಲ್ಪ ಅರಿಯಬೇಕಾಗುವುದು. ೧೯೧೪ರಲ್ಲಿ ಆಸ್ಟ್ರೇಲಿಯದ ಜನಸಂಖ್ಯೆಯು ಐವತ್ತು ಲಕ್ಷವನ್ನು ಮುಟ್ಟಿರಲಿಲ್ಲ. ಅಷ್ಟು ಜನರಲ್ಲಿ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಗಂಡಸರು ಮೊದಲನೆಯ ಮಹಾಯುದ್ಧಕ್ಕೆ ಸೈನಿಕರಾಗಿ ಸೇರಿದರು. ಇವರು ಬಲಾತ್ಕಾರದಿಂದ ಹೋದವರಲ್ಲ. ಕಡ್ಡಾಯದ ಸೈನ್ಯಸೇವೆಯನ್ನು ೧೯೧೬ರಲ್ಲಿಯೂ ೧೯೧೭ರಲ್ಲಿಯೂ ಆ ದೇಶದ ಪ್ರಜೆಗಳು ಮತಕೊಟ್ಟು ನಿರಾಕರಿಸಿದರು. ಸೇರಿದವರಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಗಾಯಗೊಂಡು, ವಿಷವಾಯುವಿನಿಂದ ಪೀಡಿತರಾಗಿ, ಅಥವಾ ಸೆರೆಸಿಕ್ಕಿ ನೊಂದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಎಂದಮೇಲೆ ಯುದ್ಧವು ಸಮುದ್ರದಾಚೆಯ ವಾರ್ತೆಯಾಗಿ ಉಳಿಯಲಿಲ್ಲ. ಬೀದಿ ಬೀದಿಯಲ್ಲಿಯೂ ಮನೆಯನ್ನು ಹೊಕ್ಕಿತು.

೧೯೧೫ನೆಯ ಏಪ್ರಿಲ್ ೨೫ರ ಬೆಳಗಿನ ಜಾವದಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳ ದಳವು ತುರ್ಕಿಯ ಗಲಿಪೊಲಿ ತೀರದಲ್ಲಿ ಇಳಿಯಿತು. ಆ ದಳದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಆನ್‌ಜಾಕ್’ ಎಂಬ ಶಬ್ದವು ಹುಟ್ಟಿತು. ಡಿಸೆಂಬರಿನಲ್ಲಿ ಆ ತೀರವನ್ನು ಬಿಟ್ಟು ಹಿಂದಿರುಗಬೇಕಾಯಿತು. ಎಂಟು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನರು ಆ ಪ್ರಯತ್ನದಲ್ಲಿ ಸತ್ತರು. ಜಯವಲ್ಲದ ಈ ಕಾರ್ಯದ ದಿನವೇ ಆ ಜನರಿಗೆ ಪರ್ವದಿನವಾದುದು ವಿಚಾರಾರ್ಹವಾದ ವಿಷಯ. ಅಂದು ಬೆಳಗಾಗುವುದಕ್ಕೆ ಮುಂಚೆ ಸ್ಮಾರಕದ ಬಳಿ ಮೌನವಾಗಿ ನಿಲ್ಲುವರು. ಬಳಿಕ ಹಳೆಯ ಸೈನಿಕರು ಪದಕಗಳನ್ನು ಧರಿಸಿ ಮೆರವಣಿಗೆಯಲ್ಲಿ ನಡೆಯುವರು. ಮೆರವಣಿಗೆ ಮುಗಿದಮೇಲೆ ಜತೆಗಾರರೊಡನೆ ಕುಡಿತವೂ ನಾಣ್ಯ ಚಿಮ್ಮಿ ಆಡುವ ಜೂಜೂ ನಡೆಯುವುವು. ಶ್ರಾದ್ಧವೂ ಜಾತ್ರೆಯೂ ಒಂದೇ ದಿನದಲ್ಲಿ ಸೇರಿದಂತೆ ಇದು. ಈ ಸಂಕರವೇ ಸೀಮೋರನ ನಾಟಕಕ್ಕೆ ಬೀಜ.

ಕನ್ನಡ ನಾಡಿಗೂ ಈ ಇತಿಹಾಸಕ್ಕೂ ಒಂದು ಸಂಬಂಧವುಂಟು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಜೋಧಪುರದ ಅಶ್ವದಳದೊಡನೆ ಹೈಫಾ ಪಟ್ಟಣವನ್ನು ಹಿಡಿದ ಮೈಸೂರು ಲ್ಯಾನ್ಸರ್ಸ್ ದಳವು ಸೇರಿದ್ದ ಅಶ್ವಸೈನ್ಯಕ್ಕೆ ಹ್ಯಾರಿ ಷೊವೆಲ್ ಎಂಬ ಆಸ್ಟ್ರೇಲಿಯದವನೇ ಅಧಿಪತಿಯಾಗಿದ್ದನು. ಮೈಸೂರಿನ ಸವಾರನೂ ಮೆಲ್ಬರ್ನಿನ ಸವಾರನೂ ಒಂದೇ ಮರಳಿನ ದಾರಿಯಲ್ಲಿ ನಡೆದು ತಮ್ಮ ತಮ್ಮ ಮನೆಗಳಿಗೆ ಮರಳಿದವರು.

೩

ಜಾನ್‌ಸ್ಟನ್ನನು ೧೯೧೨ರಲ್ಲಿ ಮೆಲ್ಬರ್ನ್ ನಗರದಲ್ಲಿ ಹುಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ವೃತ್ತಪತ್ರಿಕೆಯ ಬಾತ್ಮೀದಾರನಾಗಿ ಹೆಸರನ್ನು ಪಡೆದನು, ಬಹುಕಾಲ ಗ್ರೀಸ್ ದೇಶದ ದ್ವೀಪದಲ್ಲಿ ವಾಸವಾಗಿದ್ದು ೧೯೬೪ರಲ್ಲಿ ಸ್ವದೇಶಕ್ಕೆ ಮರಳಿದನು, ೧೯೭೦ರಲ್ಲಿ ತೀರಿಕೊಂಡನು. ಅವನ ಕಾದಂಬರಿಯಲ್ಲಿ ಕಥೆಯನ್ನು ಹೇಳುವವನು ಡೇವಿಡ್ ಮೆರೆಡಿತ್. ಇವನ ಬಾಳು ಗ್ರಂಥಕರ್ತನ ಬಾಳನ್ನು ಬಹಳ ಮಟ್ಟಿಗೆ ಹೋಲುವುದು.

ಕಾದಂಬರಿಯ ಆರಂಭವು ಮನೆಯೊಳಗಿನ ಒಂದು ನಡುಹಾದಿಯ ವರ್ಣನೆಯಿಂದಲೇ ಬಲವನ್ನು ಪಡೆಯುವುದು. ಡೇವಿಡ್ಡನ ತಾಯಿಯು ಸೈನಿಕರ ಆಸ್ಪತ್ರೆಯಲ್ಲಿ ದಾದಿ. ಕೈಕಾಲುಗಳನ್ನು ಕಳೆದುಕೊಂಡ, ಹೋಗಲು ಬೇರೆ ಎಡೆಯಿಲ್ಲದ ಸೈನಿಕರನ್ನು ಅವಳು ಮನೆಗೆ ಕರೆತಂದು ಇಟ್ಟುಕೊಳ್ಳುವಳು. ಆದುದರಿಂದ ಆ ನಡುಹಾದಿಯಲ್ಲಿ ಊರುಗೋಲುಗಳು, ಗಾಲಿಕುರ್ಚಿಗಳು, ಮರದ ಕಾಲುಗಳು ಒರಗಿಕೊಂಡಿರುವುವು. ಬಾಲಕನಿಗೆ ಇವು ಭಯದ ವಸ್ತುಗಳೂ ಅಲ್ಲ, ಪೂಜ್ಯವಾದವುಗಳೂ ಅಲ್ಲ, ಮನೆಯ ಸಾಮಾನುಗಳು. ಎಲ್ಲರಿಗೂ ಎರಡು ಕಾಲುಗಳಿರುವುದೇ ಸಹಜವೆಂಬ ಅರಿವು ಅವನಿಗೆ ತಡವಾಗಿ ಬರುವುದು. ಯುದ್ಧದ ಒಂದು ಪ್ರಹಾರವನ್ನೂ ವರ್ಣಿಸದೆ ಯುದ್ಧದ ಸಮಸ್ತ ಫಲವನ್ನೂ ಈ ಸಾಮಾನುಗಳಿಂದ ಧ್ವನಿಸಿರುವ ರೀತಿಯು ಪ್ರಶಂಸನೀಯವಾದುದು. ಇಲ್ಲಿ ವಾಚ್ಯವಾಗಿರುವುದು ಇಕ್ಕಟ್ಟಾದ ಒಂದು ಹಾದಿ. ವ್ಯಂಗ್ಯವಾಗಿರುವುದು ಒಂದು ತಲೆಮಾರಿನ ವಿನಾಶ.

ತಂದೆಯು ಟ್ರಾಮ್ ಗಾಡಿಗಳ ಕಾರ್ಖಾನೆಯಲ್ಲಿ ದುಡಿಯುವವನು. ಯುದ್ಧಕ್ಕೆ ಹೋದವನು ಬೇರೆ, ಬಂದವನು ಬೇರೆ. ಅವನ ಕ್ರೋಧಕ್ಕೆ ಶತ್ರುವಿಲ್ಲ. ಹೆಂಡತಿ ಮಕ್ಕಳೇ ಅದಕ್ಕೆ ಆಲಂಬನವಾಗುವರು. ಗಂಡುಮಕ್ಕಳಿಗೆ ತಿಂಗಳ ಕೊನೆಯಲ್ಲಿ ಲೆಕ್ಕ ತೀರಿಸುವಂತೆ ನಿಯಮದಿಂದ ಹೊಡೆಯುವನು. ಈ ನಿಯಮವೇ ಭಯಂಕರವಾದುದು. ಕ್ಷಣಿಕವಾದ ಕೋಪವು ಮನುಷ್ಯಸಹಜ. ಕೋಪಕ್ಕೆ ಪಂಚಾಂಗವನ್ನು ಕಟ್ಟಿದವನು ದಂಡಿನ ಶಿಸ್ತನ್ನು ಮನೆಗೆ ತಂದವನು. ಮಕ್ಕಳು ತಂದೆಯನ್ನು ದ್ವೇಷಿಸುವರು, ಓದುಗನು ದ್ವೇಷಿಸಲಾರನು. ಏಕೆಂದರೆ ಆ ನಡುಹಾದಿಯಲ್ಲಿ ಕೈಕಾಲಿಲ್ಲದವರ ಸಾಮಾನುಗಳು ಕಾಣುವುವು. ಅಂಗಗಳೆಲ್ಲ ನೆಟ್ಟಗಿರುವ ಈ ತಂದೆಯ ಊನವು ಯಾರಿಗೂ ಕಾಣದು, ಅದಕ್ಕೆ ಊರುಗೋಲೂ ಇಲ್ಲ.

ಅಣ್ಣ ಜ್ಯಾಕನು ಸ್ವಭಾವದಿಂದಲೇ ವೀರನು. ಧೈರ್ಯ, ಔದಾರ್ಯ, ಸ್ನೇಹನಿಷ್ಠೆಗಳು ಅವನಲ್ಲಿ ತುಂಬಿವೆ. ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಅವನು ಕೆಲಸವನ್ನು ಅರಸಿ ಅಲೆದು ಸಾವಿನ ಬಾಗಿಲನ್ನು ತಟ್ಟಿ ಬರುವನು. ೧೯೩೨ರ ಸುಮಾರಿಗೆ ಆ ದೇಶದ ಕಾರ್ಮಿಕಸಂಘಗಳ ಸದಸ್ಯರಲ್ಲಿ ನೂರಕ್ಕೆ ಮೂವತ್ತರ ಸಮೀಪದಷ್ಟು ಜನರು ನಿರುದ್ಯೋಗಿಗಳಾಗಿದ್ದರೆಂಬುದನ್ನು ನೆನೆದರೆ ಈ ಪ್ರಕರಣವು ಅತಿಶಯೋಕ್ತಿಯೆಂದು ತೋರದು. ಎರಡನೆಯ ಯುದ್ಧವು ಬಂದೊಡನೆ ಜ್ಯಾಕನು ದಂಡಿಗೆ ಸೇರುವನು. ಆದರೆ ಶಿಕ್ಷಣಕಾಲದಲ್ಲಿಯೇ ಕಾಲಿಗೆ ಪೆಟ್ಟು ಬಿದ್ದು ಪರದೇಶದ ರಣಕ್ಕೆ ಹೋಗಲಾರದವನಾಗುವನು. ತಮ್ಮ ಡೇವಿಡ್ಡನಾದರೋ ಬಾತ್ಮೀದಾರನ ಸಮವಸ್ತ್ರವನ್ನು ಧರಿಸಿ ಲೋಕವನ್ನು ಸುತ್ತಿ ಕೀರ್ತಿಯನ್ನು ಪಡೆಯುವನು. ವೀರನಿಗೆ ಯುದ್ಧವಿಲ್ಲ, ಯುದ್ಧವನ್ನು ಕಂಡವನಿಗೆ ವೀರ್ಯವಿಲ್ಲ. ಕೊನೆಯಲ್ಲಿ ಜ್ಯಾಕನು ತನ್ನ ತಮ್ಮನನ್ನು ಜತೆಗಾರರ ಮುಂದೆ ಹೆಮ್ಮೆಯಿಂದ ತೋರಿಸಿಕೊಳ್ಳುವ ಸಂದರ್ಭವುಂಟು. ಆ ಹೆಮ್ಮೆಯು ಡೇವಿಡ್ಡನನ್ನು ಖಡ್ಗಕ್ಕಿಂತ ಹರಿತವಾಗಿ ಇರಿಯುವುದು. ಗ್ರಂಥದ ಹೆಸರಿನಲ್ಲಿರುವ ಹೆಮ್ಮೆಯು ಯಾರದು ಎಂಬುದು ಆಗ ತಲೆಕೆಳಗಾಗುವುದು.

೪

ಸೀಮೋರನು ೧೯೨೭ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು, ೨೦೧೫ರಲ್ಲಿ ತೀರಿಕೊಂಡನು. ಅವನ ನಾಟಕದಲ್ಲಿ ಪಾತ್ರಗಳು ಐದು ಮಾತ್ರ. ಆಲ್ಫ್ ಕುಕ್ ಎಂಬವನು ಎರಡನೆಯ ಯುದ್ಧವನ್ನು ಕಂಡು ಬಂದವನು. ಈಗ ಲಿಫ್ಟನ್ನು ನಡೆಸುವುದು ಅವನ ಜೀವನೋಪಾಯ. ಡಾಟ್ ಅವನ ಹೆಂಡತಿ. ಹ್ಯೂಯಿ ಅವರ ಮಗ, ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಜ್ಯಾನ್ ಎಂಬ ತರುಣಿಯು ಹ್ಯೂಯಿಯ ಗೆಳತಿ, ಶ್ರೀಮಂತರ ಮನೆಯವಳು. ವ್ಯಾಕಾ ಎಂಬ ಮುದುಕನು ಕುಟುಂಬದ ಹಳೆಯ ಸ್ನೇಹಿತ, ಗಲಿಪೊಲಿಯಲ್ಲಿ ಕಾದಿದವನು.

ಕಥೆಯು ಸರಳವಾದುದು. ವರ್ಷವಿಡೀ ಇತರರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತ ತಾನು ಮಾತ್ರ ಇದ್ದಲ್ಲಿಯೇ ಇರುವ ಆಲ್ಫನಿಗೆ ಏಪ್ರಿಲ್ ೨೫ರ ಒಂದು ದಿನ ಮಾತ್ರ ತಾನೂ ಗಣನೀಯನೆಂಬ ಭಾವವುಂಟಾಗುವುದು. ಆ ದಿನ ಮಗನು ತನ್ನೊಡನೆ ಬರಬೇಕೆಂಬುದು ಅವನ ಆಶೆ. ಮಗನು ಒಲ್ಲೆನೆನ್ನುವನು. ಅಷ್ಟೇ ಅಲ್ಲ, ಅಂದಿನ ಕುಡಿತದ ವಿಕಾರಗಳನ್ನು ಛಾಯಾಚಿತ್ರಗಳಲ್ಲಿ ಹಿಡಿದು, ಗೆಳತಿಯೊಡನೆ ಸೇರಿ ವಿಶ್ವವಿದ್ಯಾನಿಲಯದ ಪತ್ರಿಕೆಗೆ ಲೇಖನವನ್ನು ಸಿದ್ಧಪಡಿಸುವನು. ಅಚ್ಚಾದ ಪತ್ರಿಕೆಯು ಮನೆಗೆ ಬರುವುದು. ಮಗನನ್ನು ಓದಿಸುವುದಕ್ಕಾಗಿ ದುಡಿದ ತಂದೆಯು ಆ ಓದಿನ ಫಲವನ್ನು ತನ್ನ ಕಣ್ಣಿನಿಂದಲೇ ಓದಬೇಕಾಗುವುದು. ಯುದ್ಧದಲ್ಲಿ ಬೀಳದಿದ್ದವನು ಇಲ್ಲಿ ಬೀಳುವನು.

ಈ ನಾಟಕದಲ್ಲಿ ವ್ಯಾಕಾನ ಪಾತ್ರವು ಅತ್ಯಂತ ಔಚಿತ್ಯದಿಂದ ಕೂಡಿದುದು. ಆನ್‌ಜಾಕ್ ದಿನದ ಹೆಸರಿನಲ್ಲಿ ಆಲ್ಫನು ಗರ್ಜಿಸುವನು. ಆ ತೀರದಲ್ಲಿ ನಿಜವಾಗಿ ನಿಂತಿದ್ದವನು ಮೌನವಾಗಿರುವನು. ಬಲವಂತದಿಂದ ಬಾಯಿ ತೆರೆದಾಗ ಅವನ ಮಾತಿನಲ್ಲಿ ಅಲಂಕಾರವಿಲ್ಲ, ಗರ್ವವಿಲ್ಲ. ಕಂಡುದು ಮಾತ್ರ ಉಂಟು. ಯುದ್ಧವನ್ನೂ ವಧೆಯನ್ನೂ ರಂಗದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದು, ಸೂಚನೆಯಿಂದ ತಿಳಿಸಬೇಕು ಎಂದು ಧನಂಜಯನು ದಶರೂಪಕದಲ್ಲಿ ವಿಧಿಸಿರುವನು. ಸೀಮೋರನು ಆ ಶಾಸ್ತ್ರದ ವಿಧಿಯಿಂದ ಬರೆದವನಲ್ಲ. ಆದರೂ ಮುದುಕನೊಬ್ಬನ ನಾಲ್ಕು ಮಾತುಗಳು ತೋಪುಗಳ ಸಪ್ಪಳಕ್ಕಿಂತ ಹೆಚ್ಚಾಗಿ ಯುದ್ಧವನ್ನು ಕಣ್ಣಿಗೆ ಕಟ್ಟಿಸುವುವೆಂಬ ತತ್ತ್ವವು ಇಬ್ಬರಿಗೂ ಸಮಾನವೇ ಆಗಿದೆ.

೫

ಈಗ ಪೂರ್ವಪಕ್ಷಗಳನ್ನು ಪರಿಶೀಲಿಸತಕ್ಕದ್ದು. ಅವು ಎರಡು.

ಈ ಕೃತಿಯು ವೀರರನ್ನು ಹಳಿಯುವುದೆಂಬುದು ಒಂದು ಪಕ್ಷ. ೧೯೬೦ರ ಅಡಿಲೇಡ್ ಕಲೋತ್ಸವದ ಆಡಳಿತದವರು ಹಳೆಯ ಸೈನಿಕರ ಮನಸ್ಸಿಗೆ ನೋವಾಗುವುದೆಂದು ಈ ನಾಟಕವನ್ನು ನಿರಾಕರಿಸಿದರು. ಆ ವರ್ಷವೇ ಹವ್ಯಾಸಿಗಳ ಒಂದು ತಂಡವು ಅದೇ ನಗರದಲ್ಲಿ ಅದನ್ನು ಆಡಿತು. ೧೯೬೧ರಲ್ಲಿ ಸಿಡ್ನಿಯಲ್ಲಿಯೂ ಲಂಡನ್ನಿನಲ್ಲಿಯೂ ಪ್ರಯೋಗಗಳಾದುವು. ಈ ಕೃತಿಯು ಯುದ್ಧದ ಆಡಂಬರವನ್ನು ಬಯಲಿಗೆಳೆಯುವ ಪ್ರಹಸನವೆಂದು ಹೊಗಳುವುದು ಇನ್ನೊಂದು ಪಕ್ಷ. ನಿಂದಿಸುವವರೂ ಹೊಗಳುವವರೂ ಒಂದೇ ತಪ್ಪನ್ನು ಮಾಡಿರುವರು. ಕೃತಿಯ ಅರ್ಥವು ಹ್ಯೂಯಿಯ ಲೇಖನದಲ್ಲಿದೆಯೆಂದು ಇಬ್ಬರೂ ಭಾವಿಸಿದರು. ಪಾತ್ರವೊಂದರ ಮಾತು ಕವಿಯ ತಾತ್ಪರ್ಯವಾಗಲಾರದು. ಹ್ಯೂಯಿಯ ಛಾಯಾಚಿತ್ರಗಳು ಸುಳ್ಳಲ್ಲ. ಆದರೆ ಅವು ಮುಂಜಾವದ ಮೌನವನ್ನು ಬಿಟ್ಟು ಮಧ್ಯಾಹ್ನದ ಕುಡಿತವನ್ನು ಮಾತ್ರ ಹಿಡಿದುವು. ನಾಟಕವು ಎರಡನ್ನೂ ಹಿಡಿಯಿತು.

ಕುಡಿತದ ವಿಷಯದಲ್ಲಿ ಒಂದು ಮಾತು. ಮದವೆಂಬ ವ್ಯಭಿಚಾರಿಭಾವವನ್ನು ವಿವರಿಸುತ್ತ ಭರತಮುನಿಯು, ಉತ್ತಮಪ್ರಕೃತಿಯವನು ಕುಡಿದು ಮಲಗುವನೆಂದೂ ಮಧ್ಯಮನು ನಗುತ್ತ ಹಾಡುವನೆಂದೂ ಅಧಮನು ಕಠಿನವಾಗಿ ನುಡಿದು ಅಳುವನೆಂದೂ ವಿಭಾಗಿಸಿರುವನು. ಈ ಲಕ್ಷಣದಿಂದ ಆಲ್ಫನು ಅಧಮನೇ ಸರಿ. ಆದರೆ ಅಧಮನೆಂದು ಎಣಿಸಲ್ಪಟ್ಟವನ ಅಳುವಿಗೆ ಕಾರಣವೇನೆಂದು ಕೇಳುವುದು ಈ ಕವಿಯ ವೈಶಿಷ್ಟ್ಯ. ಗರ್ವ, ಅಮರ್ಷ, ಉಗ್ರತೆಗಳೆಲ್ಲವೂ ಆಲ್ಫನಲ್ಲಿ ಮೇಲೇಳುವುವು. ಅವುಗಳನ್ನು ಹೊರಬೇಕಾದ ಉತ್ಸಾಹವೆಂಬ ಸ್ಥಾಯಿಯು ಸ್ಮೃತಿಯಾಗಿ ಮಾತ್ರ ಉಳಿದಿರುವುದು. ಬೇರಿಲ್ಲದ ಕೊಂಬೆಗಳಂತೆ ಆ ಸಂಚಾರಿಗಳು ಅಲ್ಲಾಡುವುವು. ಇದು ವೀರವಲ್ಲ, ವೀರದ ಆಭಾಸ. ಮತ್ತು ಈ ಆಭಾಸವೇ ಕರುಣಕ್ಕೆ ಪೋಷಕವಾಗುವುದು.

೬

ಹಾಗಾದರೆ ಇಂಥ ಕೃತಿಗೆ ಶಾಸ್ತ್ರದಲ್ಲಿ ಸ್ಥಾನವಾವುದು? ಧೀರೋದಾತ್ತನಾದ ನಾಯಕನಿಲ್ಲ, ರಾಜರ್ಷಿಯ ವಂಶವಿಲ್ಲ. ಆದಕಾರಣ ಇದು ನಾಟಕಲಕ್ಷಣಕ್ಕೆ ಹೊರಗೆಂದು ಕೆಲವರು ಹೇಳಬಹುದು. ಆದರೆ ದಶರೂಪಕಗಳಲ್ಲಿ ಉತ್ಸೃಷ್ಟಿಕಾಂಕವೆಂಬುದೊಂದುಂಟು. ಪಾಠಶಾಲೆಗಳಲ್ಲಿ ಹೆಸರನ್ನು ಮಾತ್ರ ಒಪ್ಪಿಸಿ ಮುಂದೆ ಸಾಗುವ ರೂಪಕವದು. ಅದರ ಲಕ್ಷಣವನ್ನು ಭರತನೂ ಧನಂಜಯನೂ ಹೇಳಿರುವ ರೀತಿಯನ್ನು ಇಲ್ಲಿ ಸ್ಮರಿಸತಕ್ಕದ್ದು. ಅದರಲ್ಲಿ ದಿವ್ಯಪುರುಷರಿರಕೂಡದು, ಸಾಮಾನ್ಯ ಮನುಷ್ಯರೇ ನಾಯಕರು. ಕರುಣವೇ ಪ್ರಧಾನರಸ. ಯುದ್ಧವೂ ಪ್ರಹಾರಗಳೂ ನಿಂತುಹೋದಮೇಲಿನ ಸ್ಥಿತಿಯು ಅದರ ವಿಷಯ. ಸ್ತ್ರೀಯರ ಪರಿದೇವನವೂ ನಿರ್ವೇದದ ಮಾತುಗಳೂ ಅದರಲ್ಲಿ ಬಹುಳ. ಯುದ್ಧವನ್ನು ಮಾತಿನಿಂದಲೇ ಮಾಡಿಸಬೇಕು. ಜಯಾಪಜಯಗಳೂ ಮಾತಿನಲ್ಲಿಯೇ ಆಗಬೇಕು. ವಸ್ತುವು ಸಾಮಾನ್ಯವಾಗಿ ಪ್ರಖ್ಯಾತವಾಗಿರಬೇಕು, ಕ್ವಚಿತ್ತಾಗಿ ಅಪ್ರಖ್ಯಾತವೂ ಆಗಬಹುದು.

ಈ ಲಕ್ಷಣಗಳನ್ನು ಕುಕ್ ಕುಟುಂಬಕ್ಕೆ ಅನ್ವಯಿಸಿ ನೋಡಿದರೆ ಪ್ರತಿಯೊಂದೂ ಹೊಂದಿಕೊಳ್ಳುವುದು. ಲಿಫ್ಟು ನಡೆಸುವವನು ನಾಯಕನು. ಯುದ್ಧವು ಮುಗಿದು ವರ್ಷಗಳಾಗಿವೆ. ತಂದೆ ಮಕ್ಕಳ ವಾಗ್ಯುದ್ಧವೇ ಕಥೆ, ಅದರಲ್ಲಿ ಗೆದ್ದವರಿಲ್ಲ. ಗಲಿಪೊಲಿಯು ಪ್ರತಿಯೊಂದು ಮನೆಯೂ ಬಲ್ಲ ಪ್ರಖ್ಯಾತವಸ್ತು. ಆ ಮನೆಯ ಕಥೆ ಮಾತ್ರ ಕಲ್ಪಿತ. ಡಾಟಳ ಪರಿದೇವನವು ಎದೆ ಬಡಿದುಕೊಳ್ಳುವುದಲ್ಲ. ಗಂಡನಿಗೂ ಮಗನಿಗೂ ನಡುವೆ ನಿಂತು ಇಬ್ಬರನ್ನೂ ಗದರಿಸುವುದು, ಚಹ ಮಾಡಿ ಮುಂದಿಡುವುದು. ಗದರಿಕೆಯಾದರೂ ಅದು ಪರಿದೇವನವೇ.

ಸತ್ತವರಿಲ್ಲದಿರುವಾಗ ಶೋಕವೆಲ್ಲಿಂದ ಬಂದಿತೆಂದು ಆಕ್ಷೇಪಿಸಬಹುದು. ಮರಣವೊಂದೇ ಕರುಣದ ವಿಭಾವವಲ್ಲ. ಇಷ್ಟಜನರ ಅಗಲಿಕೆ, ವಿಭವನಾಶ, ವ್ಯಸನ ಮೊದಲಾದುವನ್ನೂ ಭರತನು ಹೇಳಿರುವನು. ಇಲ್ಲಿ ಅಗಲಿಕೆಯು ಒಂದೇ ಮೇಜಿನ ಸುತ್ತ ಕುಳಿತವರಲ್ಲಿ ನಡೆಯುವುದು. ಹಡಗನ್ನೇರಿ ಹೋದ ಗಂಡನು ಮರಳಿ ಬರಲಿಲ್ಲ. ಅವನ ಹೆಸರಿನವನು ಬಂದನು. ಮೆರೆಡಿತ್ತರ ಮನೆಯ ತಾಯಿಗೂ ಮಕ್ಕಳಿಗೂ ಪ್ರಾಪ್ತವಾದ ಶೋಕವು ಇದೇ.

ಈ ಜಾತಿಯ ರೂಪಕಕ್ಕೆ ಭಾಸನ ಊರುಭಂಗವನ್ನು ಹಲವು ವಿದ್ವಾಂಸರು ಉದಾಹರಿಸುವರು. ಗಣಪತಿಶಾಸ್ತ್ರಿಗಳು ೧೯೧೨ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದ ಭಾಸನಾಟಕಚಕ್ರದಲ್ಲಿ ಅದು ಸೇರಿದೆ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಕುರುಡುತಂದೆಯೂ ತಾಯಿಯೂ ರಾಣಿಯರೂ ಬರುವರು. ಪುಟ್ಟ ಮಗ ದುರ್ಜಯನು ಎಂದಿನಂತೆ ತಂದೆಯ ತೊಡೆಯ ಮೇಲೆ ಕುಳ್ಳಿರಲು ಬಯಸುವನು. ಕುಳ್ಳಿರಿಸಿಕೊಳ್ಳುವುದಕ್ಕೆ ತೊಡೆಯಿಲ್ಲ. ಹದಿನೆಂಟು ಅಕ್ಷೋಹಿಣಿಗಳ ನಾಶಕ್ಕಿಂತ ಈ ಒಂದು ಇಲ್ಲದಿರುವಿಕೆಯು ಸಹೃದಯನನ್ನು ಹೆಚ್ಚು ಕರಗಿಸುವುದು. ಮೆಲ್ಬರ್ನಿನ ಆ ನಡುಹಾದಿಯಲ್ಲಿ ಒರಗಿದ್ದ ಮರದ ಕಾಲುಗಳ ನಡುವೆ ಬೆಳೆದ ಬಾಲಕನೂ ದುರ್ಜಯನ ಸಂಬಂಧಿಯೇ ಆಗಿರುವನು. ಭಾಸನಲ್ಲಿ ಚಕ್ರವರ್ತಿಯು ಆ ಸ್ಥಿತಿಯಲ್ಲಿ ಸಾಮಾನ್ಯ ತಂದೆಯಾಗುವನು. ಸೀಮೋರನಲ್ಲಿ ಸಾಮಾನ್ಯ ತಂದೆಯು ಆ ಸ್ಥಿತಿಯಿಂದಲೇ ಚಕ್ರವರ್ತಿಗೆ ಸಮಾನವಾದ ಶೋಕಕ್ಕೆ ಪಾತ್ರನಾಗುವನು. ಮಹಾಭಾರತದ ಅಂಗಿರಸವನ್ನು ಆನಂದವರ್ಧನನು ಯುದ್ಧಪರ್ವಗಳಿಂದ ನಿರ್ಣಯಿಸದೆ, ಗೆದ್ದವರ ಕೊನೆಯ ದುಃಸ್ಥಿತಿಯಿಂದ ಶಾಂತವೆಂದು ನಿರ್ಣಯಿಸಿದನಷ್ಟೆ. ಯುದ್ಧದ ಅರ್ಥವನ್ನು ಯುದ್ಧಾನಂತರದಲ್ಲಿ ಹುಡುಕಬೇಕೆಂಬ ನ್ಯಾಯವು ಅಲ್ಲಿಯೇ ಸಿದ್ಧವಾಗಿದೆ.

ಆದರೆ ಆಸ್ಟ್ರೇಲಿಯದ ಕೃತಿಗಳು ಶಾಂತವನ್ನು ಮುಟ್ಟುವುದಿಲ್ಲ. ಮಾರನೆಯ ಬೆಳಗ್ಗೆ ಆಲ್ಫನು ಲಿಫ್ಟಿಗೆ ಹೋಗಲೇಬೇಕು. ವೈರಾಗ್ಯಕ್ಕೂ ಬಿಡುವು ಬೇಕು. ಕೂಲಿಯವನಿಗೆ ಅದು ದೊರೆಯದು. ಇದು ಕೃತಿಯ ಕೊರತೆಯಲ್ಲ, ಸತ್ಯ.

೭

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳಬೇಕು. ನಾಟಕದಲ್ಲಿ ಜ್ಯಾನಳ ಪಾತ್ರವು ತೆಳುವಾಗಿದೆ. ಶ್ರೀಮಂತರ ತಿರಸ್ಕಾರಕ್ಕೆ ಒಂದು ಮುಖ ಬೇಕಾಗಿದ್ದುದರಿಂದ ಅವಳನ್ನು ತಂದಂತೆ ತೋರುವುದು. ಕಾದಂಬರಿಯ ಉತ್ತರಾರ್ಧದಲ್ಲಿ ತಾಯಿಯು ಹಿಂದೆ ಸರಿದು ಡೇವಿಡ್ಡನ ಆತ್ಮನಿಂದೆಯೇ ಮುಂದೆ ಬರುವುದು; ಆತ್ಮನಿಂದೆಯು ಮಿತಿಮೀರಿದಾಗ ಅದೂ ಒಂದು ಬಗೆಯ ಆತ್ಮಸ್ತುತಿಯೇ ಆಗುವುದು. ಇದಲ್ಲದೆ ಆ ದೇಶದ ಮೂಲನಿವಾಸಿಗಳಲ್ಲಿ ಸಾವಿರಕ್ಕೂ ಹೆಚ್ಚು ಜನರು ಮೊದಲನೆಯ ಯುದ್ಧದಲ್ಲಿ ಸೇವೆ ಮಾಡಿದರು. ಮರಳಿದಮೇಲೆ ಸೈನಿಕರಿಗೆ ಭೂಮಿಯನ್ನು ಹಂಚುವ ಏರ್ಪಾಡಿನಲ್ಲಿ ಅವರಲ್ಲಿ ಬಹುಮಂದಿಗೆ ಪಾಲು ದೊರೆಯಲಿಲ್ಲ. ಆ ಮನೆಗಳ ಬಾಗಿಲನ್ನು ಈ ಎರಡು ಕೃತಿಗಳೂ ತಟ್ಟಲಿಲ್ಲ.

ಹ್ಯೂಯಿಯ ಕಾಲದ ತರುಣರು ಆನ್‌ಜಾಕ್ ದಿನವು ಮುದುಕರೊಡನೆ ಮುಗಿದುಹೋಗುವುದೆಂದು ಎಣಿಸಿದ್ದರು. ಗಲಿಪೊಲಿಯಲ್ಲಿದ್ದವರಲ್ಲಿ ಕೊನೆಯವನಾದ ಅಲೆಕ್ ಕ್ಯಾಂಬೆಲ್ ೨೦೦೨ರಲ್ಲಿ ತೀರಿಕೊಂಡನು. ಆ ದಿನವು ಮಾತ್ರ ಮುಗಿಯಲಿಲ್ಲ. ೧೯೯೦ರಲ್ಲಿ ಪ್ರಧಾನಮಂತ್ರಿ ಬಾಬ್ ಹಾಕ್ ಹಳೆಯ ಸೈನಿಕರೊಡನೆ ಆ ತೀರಕ್ಕೆ ಹೋದುದು ಮೊದಲ್ಗೊಂಡು ಮುಂಜಾವದಲ್ಲಿ ನೆರೆಯುವವರು ಹೆಚ್ಚುತ್ತ ಬಂದರು. ಒಮ್ಮೆ ನಿರಾಕೃತವಾದ ನಾಟಕವೂ ಶಾಲೆಗಳಲ್ಲಿ ಪಾಠ್ಯವಾಯಿತು. ಸ್ಮರಣೆಯು ಉಳಿಯಿತು, ಅದನ್ನು ಪ್ರಶ್ನಿಸಿದ ಕೃತಿಯೂ ಉಳಿಯಿತು. ಎರಡೂ ಒಂದರ ಮೇಲೊಂದು ಒರಗಿ ನಿಂತಿವೆಯೆಂಬುದರಲ್ಲಿ ಸಂದೇಹವಿಲ್ಲ.

ನಿಷ್ಕರ್ಷವಿಷ್ಟೆ. ಮರಳಿದ ಸೈನಿಕನ ಮನೆಯನ್ನು ವರ್ಣಿಸುವ ಕೃತಿಯಲ್ಲಿ ವೀರವನ್ನು ಅರಸುವವನಿಗೆ ನಿಂದೆಯು ಕಾಣುವುದು. ಹಾಸ್ಯವನ್ನು ಅರಸುವವನಿಗೆ ಜಂಬವು ಕಾಣುವುದು. ಕರುಣವನ್ನು ಅರಿತವನಿಗೆ ಮಾತ್ರ ಮನುಷ್ಯನು ಕಾಣುವನು. ಉತ್ಸೃಷ್ಟಿಕಾಂಕದ ಲಕ್ಷಣವನ್ನು ಬಾಯಿಪಾಠ ಮಾಡಿಸುವ ಅಧ್ಯಾಪಕರು, ಅದು ಲುಪ್ತವಾದ ರೂಪಕವೆಂದು ಇನ್ನು ಮುಂದೆ ಹೇಳಬೇಕಾದುದಿಲ್ಲ. ಹೈಫಾದಿಂದ ಮೈಸೂರಿಗೆ ಮರಳಿದ ಸವಾರರ ಮನೆಗಳಲ್ಲಿಯೂ ಕುದುರೆಯಿಲ್ಲದ ಲಗಾಮೊಂದು ಗೂಟದಲ್ಲಿ ತೂಗುತ್ತಿದ್ದಿರಬೇಕು. ಅದರ ಕೆಳಗೆ ಕುಳಿತು ಉಂಡವರ ಕಥೆಗೆ ಲಕ್ಷಣವು ಶಾಸ್ತ್ರದಲ್ಲಿ ಸಿದ್ಧವಾಗಿದೆ; ಲಕ್ಷ್ಯವನ್ನು ಕನ್ನಡದ ಕವಿಗಳು ಕೊಡಬೇಕು.